ಎಲ್ಲಿ ನೆಲೆಸಬೇಕು? ನಮ್ಮ ಸೀಮೆಯ ಚರಿತ್ರೆ ಹೇಳುವ ಮಾತು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ಫೋನ್ ಮಾಡಿದ್ದನು. ಕಮಲಾಪುರದ ಸಮೀಪದ ಹಳ್ಳಿಯವನು. ಈಗ ಅಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಕುಶಲ ಪ್ರಶ್ನೆಗಳು ಮುಗಿದ ಮೇಲೆ, "ಸರ್, ಅಪ್ಪ ಅವ್ವನ್ನ ಇಲ್ಲಿಗೇ ಕರ್ಕೊಂಡು ಬರಬೇಕಂತ ಮಾಡೀನ್ರಿ. ಮೂರನೇ ಮಹಡಿಮ್ಯಾಗ ಮನಿ ತಗೊಂಡೀನಿ, ಲಿಫ್ಟ್ ಅದ, ದವಾಖಾನಿ ಹತ್ರ ಅದ. ಆದ್ರ ಅಪ್ಪ ಒಲ್ಲೆ ಅಂತಾನ. ನೀವಾರ ಒಂದು ಮಾತು ಹೇಳ್ರಿ" ಎಂದನು. ವಿಚಾರಿಸಿ ಹೇಳುತ್ತೇನೆಂದು ಫೋನ್ ಇಟ್ಟೆ.

ಹೇಳುವುದು ಸುಲಭವಿರಲಿಲ್ಲ. ಇದೇ ಪ್ರಶ್ನೆಗೆ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟವನು. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದವನಿಗೆ ಏನು ಕೇಳಿದರೂ ಮೊದಲು ಚರಿತ್ರೆಯೇ ನೆನಪಾಗುತ್ತದೆ. ಮನುಷ್ಯನು ತಾನು ಎಲ್ಲಿ ವಾಸಿಸಬೇಕೆಂದು ಹೇಗೆ ನಿರ್ಧರಿಸುತ್ತಾನೆ, ಆ ನಿರ್ಧಾರ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಅರಿಯಲು ನಮ್ಮ ಕಲಬುರಗಿ ಸೀಮೆಗಿಂತ ಉತ್ತಮವಾದ ಪಾಠಶಾಲೆ ಇಲ್ಲವೆಂದೇ ನನ್ನ ಭಾವನೆ.

ನಕ್ಷೆಯನ್ನೊಮ್ಮೆ ಮುಂದಿಟ್ಟುಕೊಂಡು ನೋಡಿರಿ. ಕಲಬುರಗಿಯಿಂದ ಆಗ್ನೇಯಕ್ಕೆ, ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡನು. ರಾಷ್ಟ್ರಕೂಟರ ಬಳಿಕ ಬಂದ ಚಾಲುಕ್ಯರು ಹನ್ನೊಂದನೆಯ ಶತಮಾನದಲ್ಲಿ, ಒಂದನೆಯ ಸೋಮೇಶ್ವರನ ಕಾಲದಲ್ಲಿ, ಉತ್ತರದ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡರು. ಅದು ಇಂದಿನ ಬಸವಕಲ್ಯಾಣ. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಗೆ ಬಂದರು. ಅರ್ಧ ಶತಮಾನ ಕಳೆಯುತ್ತಲೇ ಫಿರೋಜ್ ಷಾ ಭೀಮಾ ತೀರದಲ್ಲಿ ಫಿರೋಜಾಬಾದನ್ನು ಕಟ್ಟಿದನು. ಅವನ ತಮ್ಮ ಅಹಮದ್ ಷಾ ಬೀದರಕ್ಕೆ ಹೋದನು. ಹೀಗೆ ಒಂದು ದಿನದಲ್ಲಿ ಮೋಟಾರಿನಲ್ಲಿ ಸುತ್ತಿ ಬರಬಹುದಾದ ಸೀಮೆಯೊಳಗೆ ಆರು ನೂರು ವರ್ಷಗಳ ಅವಧಿಯಲ್ಲಿ ಐದು ಕಡೆ ಅರಸರು ನೆಲೆ ಮಾಡಿದರು. ಒಂದೊಂದು ಆಯ್ಕೆಗೂ ಒಂದೊಂದು ಕಾರಣವಿತ್ತು.

ಕಲಬುರಗಿಯ ಆಯ್ಕೆಯನ್ನೇ ನೋಡೋಣ. 1347ರ ಆಗಸ್ಟ್ 3ರಂದು ಅಲಾಉದ್ದೀನ್ ಹಸನ್ ಬಹಮನ್ ಷಾ ಪಟ್ಟಕ್ಕೆ ಬಂದದ್ದು ದೌಲತಾಬಾದಿನಲ್ಲಿ. ಆ ಕೋಟೆಯ ಭದ್ರತೆಯನ್ನು ಕಂಡವರೆಲ್ಲ ಬಲ್ಲರು. ಎಲ್ಲೋರದ ಪ್ರವಾಸಕ್ಕೆ ಹೋದಾಗ ನಮ್ಮ ಮಕ್ಕಳು ಅದರ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟದ್ದು ನನಗಿನ್ನೂ ನೆನಪಿದೆ. ಅಂತಹ ಕೋಟೆಯನ್ನು ಬಿಟ್ಟು ಬಯಲುನಾಡಿನ ಕಲಬುರಗಿಗೆ ಬರಲು ಕಾರಣವೇನು? ದೌಲತಾಬಾದು ಹೊಸ ರಾಜ್ಯದ ಉತ್ತರದ ಅಂಚಿನಲ್ಲಿತ್ತು. ದೆಹಲಿಯಿಂದ ಸಿಡಿದು ಹೊರಬಂದವನಿಗೆ ದೆಹಲಿಯ ದಾರಿಯ ಮೇಲೆಯೇ ಕುಳಿತುಕೊಳ್ಳುವುದು ಕ್ಷೇಮವಲ್ಲ. ದಕ್ಷಿಣದಲ್ಲಿ ವಿಜಯನಗರವು ಆಗಷ್ಟೇ ತಲೆಯೆತ್ತುತ್ತಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿನ ಮೇಲೆ ಇಬ್ಬರ ಕಣ್ಣೂ ಇತ್ತು. ಕಲಬುರಗಿಯಲ್ಲಿದ್ದರೆ ಆ ಗಡಿ ಕೈಗೆಟುಕುತ್ತಿತ್ತು. ಇಲ್ಲಿ ಹಳೆಯದೊಂದು ಕೋಟೆ ಇದ್ದಿತು. ಅದನ್ನು ಹಿಗ್ಗಿಸಿ ಬಲಪಡಿಸಿದರು. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದು. ಮಸೀದಿಗಳಲ್ಲಿ ಸಾಮಾನ್ಯವಾಗಿ ತೆರೆದಿರುವ ಅಂಗಳವು ಇಲ್ಲಿ ಪೂರ್ತಿಯಾಗಿ ಗುಮ್ಮಟಗಳ ಛಾವಣಿಯಿಂದ ಮುಚ್ಚಿದೆ. ನಮ್ಮ ಬೇಸಿಗೆಯ ಬಿಸಿಲನ್ನು ಬಲ್ಲವರಿಗೆ ಆ ನೆರಳಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಆದರೆ ಗಮನಿಸಿರಿ. ಕಲಬುರಗಿಯನ್ನು ಆರಿಸಿದ್ದಕ್ಕೆ ಇದ್ದ ಕಾರಣಗಳೆಲ್ಲ ಯುದ್ಧದ ಕಾರಣಗಳು. ಕುಡಿಯುವ ನೀರಿನ ನದಿ ಊರಿನ ಪಕ್ಕದಲ್ಲಿ ಇರಲಿಲ್ಲ. ಭೀಮೆ ದೂರ, ಕಾಗಿಣೆ ದೂರ. ಕೆರೆ ಬಾವಿಗಳೇ ಗತಿ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ನೆಲವಿದು.

ಫಿರೋಜ್ ಷಾ 1397ರಲ್ಲಿ ಪಟ್ಟವೇರಿದನು. ಅವನ ಕಣ್ಣು ನದಿಯ ಮೇಲೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ. 1400ರ ಸುಮಾರಿಗೆ ಕಲಬುರಗಿಯಿಂದ ದಕ್ಷಿಣಕ್ಕೆ ಹೆಚ್ಚು ಕಡಿಮೆ 27 ಕಿ.ಮೀ. ದೂರದಲ್ಲಿ, ಭೀಮೆಯ ದಂಡೆಯ ಮೇಲೆ, ತನ್ನದೇ ಹೆಸರಿನ ನಗರವೊಂದನ್ನು ಕಟ್ಟಿದನು. ಮೂರು ಕಡೆಗೆ ದಪ್ಪನಾದ ಕಲ್ಲಿನ ಗೋಡೆ, ನಾಲ್ಕನೆಯ ಕಡೆಗೆ ನದಿ. ಎತ್ತರದ ಹೆಬ್ಬಾಗಿಲುಗಳು, ಮಸೀದಿ, ಅರಮನೆ, ಸ್ನಾನಗೃಹ, ಎಲ್ಲವೂ ಇದ್ದವು. ತಂಗಾಳಿ, ನೀರು, ಮೇಲಾಗಿ ದೋಆಬಿನ ಯುದ್ಧಗಳಿಗೆ ಹೊರಡಲು ಅನುಕೂಲವಾದ ತಾಣ. ಕಾಗದದ ಮೇಲೆ ಲೆಕ್ಕ ಹಾಕಿದರೆ ಕಲಬುರಗಿಗಿಂತ ಎಲ್ಲ ವಿಧದಲ್ಲೂ ಮಿಗಿಲಾದ ಸ್ಥಳ.

ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಜೇವರ್ಗಿ ರಸ್ತೆಯಲ್ಲಿ ಬಸ್ಸು ಇಳಿದು, ಹೊಲಗಳ ನಡುವೆ ನಡೆದು ಹೋದೆವು. ಮುಳ್ಳುಕಂಟಿ, ಮುರಿದ ಕಮಾನು, ಗೋಡೆಯೊಳಗೆ ಬೆಳೆದ ತೊಗರಿ. ಬುತ್ತಿಯ ರೊಟ್ಟಿ ಬಿಚ್ಚಿ ಕುಳಿತಾಗ ಹುಡುಗಿಯೊಬ್ಬಳು ಕೇಳಿದಳು: "ಸರ್, ಇಷ್ಟು ದೊಡ್ಡ ಗ್ವಾಡಿ ಅದ. ಇದರಾಗ ಮಂದಿ ಎಲ್ಲಿದ್ದರು?" ನಾನು ಅರಮನೆಯನ್ನು ತೋರಿಸಿದೆ, ಮಸೀದಿಯನ್ನು ತೋರಿಸಿದೆ. "ಅಲ್ರೀ ಸರ್, ನಮ್ಮಂಥವರು?" ಎಂದಳು. ಅಂದು ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಈಗ ಯೋಚಿಸಿದರೆ ಫಿರೋಜಾಬಾದಿನ ಇಡೀ ಕಥೆ ಆ ಮಗುವಿನ ಪ್ರಶ್ನೆಯಲ್ಲಿಯೇ ಇತ್ತು ಎನಿಸುತ್ತದೆ. ಆ ನಗರವು ಒಬ್ಬ ಅರಸನ ಅಗತ್ಯಕ್ಕೆ ಹುಟ್ಟಿದ್ದು. 1422ರಲ್ಲಿ ಅವನ ಆಳ್ವಿಕೆ ಮುಗಿಯಿತು. ಮುಂದೆ ಬಂದವನಿಗೆ ಅದು ಬೇಕಾಗಲಿಲ್ಲ. ನದಿ ಅಲ್ಲಿಯೇ ಹರಿಯುತ್ತಿತ್ತು, ಗಾಳಿ ಬೀಸುತ್ತಿತ್ತು, ಆದರೂ ಊರು ಉಳಿಯಲಿಲ್ಲ. ಕಟ್ಟಿದ ಫಿರೋಜನ ಸಮಾಧಿಯೂ ಅಲ್ಲಿಲ್ಲ. ಅವನು ಮಲಗಿರುವುದು ಕಲಬುರಗಿಯ ಹಫ್ತ್ ಗುಂಬಜದಲ್ಲಿ.

ಇದೇ ಕಾಲದಲ್ಲಿ ಕಲಬುರಗಿಗೆ ಬಂದ ಇನ್ನೊಬ್ಬ ಹಿರಿಯರ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ಅವರು ಖ್ವಾಜಾ ಬಂದೇ ನವಾಜ್ ಗೇಸೂದರಾಜ್. 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ಇನ್ನೂ ಬಾಲಕರಾಗಿದ್ದಾಗ ಮಹಮ್ಮದ್ ಬಿನ್ ತುಘಲಕ್ ತನ್ನ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ಆಜ್ಞೆ ಹೊರಡಿಸಿದನು. ಅದು ಆರಂಭವಾದದ್ದು 1327ರಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಈ ಪಾಠ ಚೆನ್ನಾಗಿ ನೆನಪಿರಬೇಕು. ದೆಹಲಿ ಬಿಡಲು ಒಪ್ಪದ ಕುರುಡನೊಬ್ಬನನ್ನು ಎಳೆದು ತರಲು, ದೌಲತಾಬಾದಿಗೆ ಅವನ ಒಂದು ಕಾಲು ಮಾತ್ರ ಬಂದು ತಲುಪಿತೆಂದು ಇಬ್ನ್ ಬತೂತ ಬರೆದ ಕಥೆಯನ್ನು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. ಅದರಲ್ಲಿ ಉತ್ಪ್ರೇಕ್ಷೆ ಇದೆಯೆಂದು ವಿದ್ವಾಂಸರು ಹೇಳುತ್ತಾರೆ. ಆದರೂ ತರಗತಿ ನಿಶ್ಶಬ್ದವಾಗುತ್ತಿತ್ತು. ರಾಜ್ಯದ ನಡುವೆ ರಾಜಧಾನಿ ಇರಬೇಕೆಂಬ ಸುಲ್ತಾನನ ವಿಚಾರದಲ್ಲಿ ತರ್ಕವಿತ್ತು. ಹೋಗಬೇಕಾದವರನ್ನು ಕೇಳಲಿಲ್ಲ, ಅಷ್ಟೇ. ಕೆಲವೇ ವರ್ಷಗಳಲ್ಲಿ ದೆಹಲಿಗೆ ಮರಳಲು ಅವನೇ ಅಪ್ಪಣೆ ಕೊಡಬೇಕಾಯಿತು.

ಹೀಗೆ ದಖ್ಖನಿಗೆ ಬಂದ ಕುಟುಂಬಗಳಲ್ಲಿ ಗೇಸೂದರಾಜರ ಕುಟುಂಬವೂ ಒಂದು. ತಂದೆ ಇಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ಮಗ ತಾಯಿಯೊಡನೆ ದೆಹಲಿಗೆ ಮರಳಿ, ಚಿರಾಗ್ ದೆಹಲಿಯೆಂದು ಖ್ಯಾತರಾದ ನಸೀರುದ್ದೀನರ ಶಿಷ್ಯರಾಗಿ ಅಲ್ಲಿಯೇ ಬಾಳಿದರು. 1398ರಲ್ಲಿ ತೈಮೂರನ ದಾಳಿ ಸಮೀಪಿಸಿದಾಗ ದೆಹಲಿಯನ್ನು ಬಿಟ್ಟರು. ಆಗ ಅವರಿಗೆ 77 ವರ್ಷ. ಗುಜರಾತು, ದೌಲತಾಬಾದುಗಳ ಮಾರ್ಗವಾಗಿ ಕಲಬುರಗಿಗೆ ಬಂದಾಗ 80ರ ಆಸುಪಾಸು. ನಾವು ಅರವತ್ತಕ್ಕೇ "ಇನ್ನೇನು, ಎಲ್ಲಾದರೊಂದು ಕಡೆ ಇದ್ದುಬಿಡೋಣ" ಎನ್ನುತ್ತೇವೆ; ಅವರು ಆ ವಯಸ್ಸಿನಲ್ಲಿ ಹೊಸ ಊರಿನಲ್ಲಿ ಹೊಸದಾಗಿ ನೆಲೆಯೂರಿದರು.

ಮೊದಲು ಅವರ ಆಶ್ರಮವು ಕೋಟೆಯ ಸಮೀಪದಲ್ಲಿತ್ತು. ಫಿರೋಜ್ ಷಾ ಆದರದಿಂದಲೇ ಬರಮಾಡಿಕೊಂಡಿದ್ದನು. ಕ್ರಮೇಣ ಇಬ್ಬರ ನಡುವೆ ವಿರಸ ಹುಟ್ಟಿತು. ಸುಲ್ತಾನನು ತನ್ನ ಮಗನನ್ನು ಉತ್ತರಾಧಿಕಾರಿ ಮಾಡಬೇಕೆಂದಿದ್ದನು; ಗೇಸೂದರಾಜರ ಒಲವು ತಮ್ಮನಾದ ಅಹಮದನ ಕಡೆಗಿತ್ತು. ಅವರಲ್ಲಿಗೆ ಬರುವ ಜನಜಂಗುಳಿಯ ಗದ್ದಲ ಕೋಟೆಗೆ ತೊಂದರೆ ಕೊಡುತ್ತದೆಂದು ನೆಪ ಹೇಳಿ ಸುಲ್ತಾನನು ಸ್ಥಳ ಬದಲಿಸಲು ಹೇಳಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಅವರು ವಾದ ಹೂಡಲಿಲ್ಲ. ಕೋಟೆಯಿಂದ ದೂರ, ಈಗ ದರ್ಗಾ ಇರುವ ಕಡೆಗೆ ಬಂದರು. ಜನರೂ ಅವರ ಹಿಂದೆಯೇ ಬಂದರು. 1422ರಲ್ಲಿ ಅವರು ಅಲ್ಲಿಯೇ ದೇಹ ಬಿಟ್ಟರು. ಅರಸನು ಗದ್ದಲವೆಂದು ದೂರ ಸರಿಸಿದ ಆ ಜನಜಂಗುಳಿಯೇ ಮುಂದೆ ಕಲಬುರಗಿಯನ್ನು ಉಳಿಸಿತು ಎಂದು ನಾನು ತಿಳಿದಿದ್ದೇನೆ.

ಏಕೆಂದರೆ ಅದೇ ವರ್ಷ ಪಟ್ಟಕ್ಕೆ ಬಂದ ಅಹಮದ್ ಷಾ, 1420ರ ದಶಕ ಮುಗಿಯುವುದರೊಳಗೆ ರಾಜಧಾನಿಯನ್ನು ಬೀದರಕ್ಕೆ ಒಯ್ದನು. ಬೇಟೆಗೆ ಹೋದಾಗ ಅಲ್ಲಿ ನರಿಯೊಂದು ನಾಯಿಗಳನ್ನೇ ಎದುರಿಸಿ ಓಡಿಸಿತೆಂಬ ಕಥೆಯನ್ನು ಹೇಳುತ್ತಾರೆ. ಇಂತಹ ಕಥೆ ಅನೇಕ ರಾಜಧಾನಿಗಳಿಗೆ ಅಂಟಿಕೊಂಡಿದೆ, ಅದನ್ನು ಬದಿಗಿಡೋಣ. ನಿಜವಾದ ಕಾರಣಗಳು ಕಣ್ಣೆದುರಿಗೇ ಇವೆ. ಬೀದರವು ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದ ಕೆಂಪು ಜಂಬಿಟ್ಟಿಗೆ ದಿಣ್ಣೆಯ ಮೇಲಿದೆ. ಹವೆ ತಂಪು. ಕಡಿದಾದ ಅಂಚು ಸಹಜವಾದ ಕೋಟೆ. ನೆಲದೊಳಗೆ ಸುರಂಗ ತೋಡಿ ಅಂತರ್ಜಲವನ್ನು ಹರಿಸಿಕೊಳ್ಳುವ ಕರೇಜ್ ಪದ್ಧತಿಯನ್ನು ಅಲ್ಲಿ ಅಳವಡಿಸಿದರು. ಅದರ ಬಾವಿಗಳನ್ನು ಇಂದಿಗೂ ನೌಬಾದಿನಲ್ಲಿ ಕಾಣಬಹುದು. ಹಿಗ್ಗಿದ ರಾಜ್ಯಕ್ಕೆ ಬೀದರವು ನಡುವಿನ ಸ್ಥಾನವೂ ಹೌದು. ಸಹೋದರರ ಕಲಹದ ಕಹಿ ನೆನಪಿನಿಂದ ದೂರ ಹೋಗುವ ಮನಸ್ಸೂ ಇದ್ದಿರಬಹುದು.

ನಮ್ಮ ಕಮಲಾಪುರವಿರುವುದು ಈ ಬೀದರದ ದಾರಿಯಲ್ಲಿಯೇ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ಸುಮಾರು 35 ಕಿ.ಮೀ. ದೂರ. ದಾರಿಯಲ್ಲಿ ಹೊಳಕುಂದಾ ಬಳಿ ಬಹಮನಿ ಕಾಲದ ಗುಮ್ಮಟಗಳ ಗುಂಪೊಂದು ಹೊಲಗಳ ನಡುವೆ ನಿಂತಿದೆ. ಬಸ್ಸಿನ ಕಿಟಕಿಯಿಂದ ಅವನ್ನು ನೋಡಿದಾಗಲೆಲ್ಲ, ಆ ಕಾಲದಲ್ಲಿ ಇದೇ ಸೀಮೆಯನ್ನು ಹಾದುಹೋದ ಆನೆ, ಕುದುರೆ, ಬಂಡಿ, ಕಾಗದದ ಕಟ್ಟು, ಅಡುಗೆಯ ಪಾತ್ರೆಗಳ ಮೆರವಣಿಗೆ ನನ್ನ ಕಣ್ಣಿಗೆ ಕಟ್ಟುತ್ತದೆ. ರಾಜಧಾನಿಯೇ ಮನೆ ಖಾಲಿ ಮಾಡಿಕೊಂಡು ಹೊರಟ ದಿನಗಳವು.

ಅರಸ ಹೋದ ಮೇಲೆ ಕಲಬುರಗಿಗೆ ಫಿರೋಜಾಬಾದಿನ ಗತಿಯೇ ಬರಬೇಕಿತ್ತು. ಬರಲಿಲ್ಲ. ದರ್ಗಾಕ್ಕೆ ಬರುವವರು ಬರುತ್ತಲೇ ಇದ್ದರು. ಬಂದವರಿಗೆ ಊಟ ಬೇಕು, ಹೂವು ಬೇಕು, ಬಟ್ಟೆ ಬೇಕು, ತಂಗುವ ತಾಣ ಬೇಕು. ಇವುಗಳನ್ನು ಒದಗಿಸುವವರು ಊರಿನಲ್ಲಿಯೇ ಉಳಿದರು. ಶತಮಾನಗಳು ಕಳೆದು, ನಿಜಾಮರ ಕಾಲದಲ್ಲಿ, ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಕೊನೆಗೆ ಕಲಬುರಗಿಯಲ್ಲಿ ನೆಲೆ ನಿಂತರು. ಅವರ ದಾಸೋಹದ ಮನೆ ಹಸಿದವರಿಗೆಲ್ಲ ತೆರೆದಿತ್ತು. ಇಂದಿಗೂ ಗುಡಿಯ ಸುತ್ತ, ಅಪ್ಪನ ಕೆರೆಯ ಸುತ್ತ ಊರಿನ ಜೀವನ ಸುತ್ತುತ್ತಿದೆ. ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಈ ಇಬ್ಬರು ಶರಣರೂ ಊರನ್ನು ಆರಿಸಿಕೊಂಡು ಬಂದವರು, ಕಲಬುರಗಿಯಲ್ಲಿ ಹುಟ್ಟಿದವರಲ್ಲ. ಕೋಟೆಯ ಅಗತ್ಯ ಮುಗಿದ ಬಳಿಕವೂ ಕಲಬುರಗಿಯಲ್ಲಿ ಇರಲು ಜನರಿಗೆ ಕಾರಣ ಕೊಟ್ಟವರು.

ಮುಂದಿನ ಕಾರಣ ಕಬ್ಬಿಣದ ಹಳಿಯ ಮೇಲೆ ಬಂದಿತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಹೊರಟ ರೈಲು ಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಸೊಲ್ಲಾಪುರ ಮತ್ತು ರಾಯಚೂರಿನ ನಡುವಿನ ಕಲಬುರಗಿಯು ಒಮ್ಮೆಲೇ ಎರಡು ಮಹಾನಗರಗಳ ದಾರಿಯಲ್ಲಿ ಬಂದು ನಿಂತಿತು. ಹತ್ತಿ, ಎಣ್ಣೆಕಾಳು, ತೊಗರಿಯ ವ್ಯಾಪಾರಿಗಳು ಬಂದರು. 1880ರ ದಶಕದಲ್ಲಿ ಬಟ್ಟೆಯ ಗಿರಣಿ ಆರಂಭವಾಯಿತು; ನಾವೆಲ್ಲ ಎಂ.ಎಸ್.ಕೆ. ಮಿಲ್ಲು ಎಂದೇ ಕರೆದೆವು. ಅದರ ಭೋಂಗಾ ಕೂಗಿಗೆ ಗಡಿಯಾರ ಹೊಂದಿಸಿಕೊಂಡು ಬದುಕಿದ ಸಂಸಾರಗಳೆಷ್ಟೋ. ಗಿರಣಿಯೂ ನಿಂತುಹೋಯಿತು. ಹೆಸರು ಮಾತ್ರ ಬಡಾವಣೆಗೂ ರಸ್ತೆಗೂ ಉಳಿದಿದೆ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕನ್ನಡದ ರಾಜ್ಯದಲ್ಲಿ ಸೇರಿದೆವು. ಉರ್ದುವಿನಲ್ಲಿ ಶಾಲೆ ಕಲಿತ ನನ್ನ ತಂದೆಯ ತಲೆಮಾರಿನವರಿಗೆ ಮಕ್ಕಳನ್ನು ಕನ್ನಡದಲ್ಲಿ ಓದಿಸುವ ಹಂಬಲ ಹುಟ್ಟಿತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದವು. ಆಗ ಹಳ್ಳಿಯಿಂದ ಕಲಬುರಗಿಗೆ ಬಂದ ನಮ್ಮಂಥವರು ಕೋಟೆಗಾಗಿ ಬರಲಿಲ್ಲ, ದರ್ಗಾ ಗುಡಿಗಳಿಗಾಗಿ ಬರಲಿಲ್ಲ, ಶಾಲೆಗಾಗಿ ಬಂದೆವು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, 2013ರಲ್ಲಿ ಅದು ಜಾರಿಯಾದಾಗ ಇನ್ನೊಂದು ವಿಚಿತ್ರವನ್ನು ಕಂಡೆ. "ಹಿಂದುಳಿದ ಪ್ರದೇಶ"ವೆಂದು ಮೂಗು ಮುರಿದು ಹೋಗಿದ್ದವರ ಮಕ್ಕಳು, ತಾವು ಇದೇ ನೆಲದವರೆಂಬ ಪ್ರಮಾಣಪತ್ರಕ್ಕಾಗಿ ಹಳೆಯ ಶಾಲಾ ದಾಖಲೆ ಹುಡುಕುತ್ತ ನಮ್ಮ ಕಚೇರಿಗೆ ಬಂದರು. ಇದರಲ್ಲಿ ಅವರನ್ನು ಹಳಿಯಬೇಕಾದುದೇನಿಲ್ಲ. ಊರು ಅದೇ, ಮನುಷ್ಯರ ಅಗತ್ಯ ಬದಲಾಗಿತ್ತು.

ಅಗತ್ಯವನ್ನು ಹಿಂಬಾಲಿಸಿ ಊರು ಬದಲಿಸುವುದನ್ನು ನಮಗಿಂತ ಚೆನ್ನಾಗಿ ಬಲ್ಲವರು ನಮ್ಮ ತಾಂಡಾಗಳ ಲಂಬಾಣಿ ಜನ. ಸುಗ್ಗಿ ಮುಗಿದ ಮೇಲೆ ಮುಂಬಯಿ, ಪುಣೆ. ಮಳೆ ಬಿದ್ದಾಗ ತಾಂಡಾ. ಎರಡೂ ಕಡೆಗೆ ಒಲೆ ಹೂಡಿ ಬಾಳುವವರು. ಅವರಿಗೆ ಇದು ಆಯ್ಕೆ ಎನ್ನುವುದಕ್ಕಿಂತ ಹೊಟ್ಟೆಯ ಕರೆ ಎನ್ನುವುದೇ ಸರಿ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿ ಬಂದವರನ್ನು ಹಳ್ಳಿಯ ಶಾಲೆಗಳಲ್ಲಿ ಇರಿಸಿದ್ದಾಗ ಪರಿಚಯದ ಹಿರಿಯನೊಬ್ಬನನ್ನು ದೂರದಿಂದಲೇ ಮಾತನಾಡಿಸಿದೆ. "ಮುಂಬೈದಾಗ ನಲವತ್ತು ವರ್ಷ ದುಡದೀನ್ರಿ ಗುರುಗಳ, ಆದ್ರ ಜಡ್ಡು ಬಂದ ದಿನ ಅದು ನಮ್ಮೂರು ಆಗಲಿಲ್ಲ" ಎಂದನು. ಎಲ್ಲಿ ದುಡಿಯಬಹುದು ಎನ್ನುವುದು ಒಂದು ಪ್ರಶ್ನೆ, ಕಷ್ಟ ಬಂದಾಗ ಎಲ್ಲಿಗೆ ಹೋಗಬಹುದು ಎನ್ನುವುದು ಇನ್ನೊಂದು ಪ್ರಶ್ನೆ.

ಈಗ ನನ್ನ ತಪ್ಪಿನ ಮಾತು. ನಾನು ನಿವೃತ್ತನಾದದ್ದು 2019ರಲ್ಲಿ. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಕಲಬುರಗಿಯ ಒಂದು ಓಣಿಯಲ್ಲಿ ವಾಸ. ನಿವೃತ್ತಿಯ ಬಳಿಕ ಕಮಲಾಪುರದ ಹಿರಿಯರ ಮನೆಗೆ ಹೋಗಿ ಇರುವುದೆಂದು ನಾನು ಬಹಳ ಹಿಂದೆಯೇ ನಿಶ್ಚಯಿಸಿದ್ದೆ. ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. 2017ರ ಅಕ್ಟೋಬರಿನಲ್ಲಿ ಬೀದರ ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಕಮಲಾಪುರಕ್ಕೂ ನಿಲ್ದಾಣ ಬಂದಿತ್ತು. 2018ರಲ್ಲಿ ಊರು ತಾಲ್ಲೂಕು ಕೇಂದ್ರವಾಯಿತು. ಮಾಳಿಗೆಯ ಮನೆ, ಹಿತ್ತಲಿನಲ್ಲಿ ಬಾವಿ, ಸ್ವಲ್ಪ ಹೊಲ. ನಮ್ಮ ಊರಿನ ಕೆಂಪು ಬಾಳೆಯನ್ನು ನೀವೆಲ್ಲ ತಿಂದಿದ್ದೀರಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು. ಬೇರೆ ಬಾಳೆಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡು ನಿಧಾನವಾಗಿ ಗೊನೆ ಬಿಡುವ ಈ ಗಿಡ ಇಲ್ಲಿನ ಮಣ್ಣಿಗೆ ಒಗ್ಗಿಕೊಂಡಿದೆ. ನಾನೂ ಈ ಮಣ್ಣಿನ ಗಿಡವೇ, ಇಲ್ಲಿ ಬೇರು ಬಿಡುವುದು ಕಷ್ಟವಾಗದು ಎಂದುಕೊಂಡು ಸಾಮಾನು ಕಟ್ಟಿದೆ.

ಮರು ವರ್ಷ ಕೊರೊನಾ ಬಂದಾಗ ನನ್ನ ಹೆಮ್ಮೆ ಇನ್ನೂ ಹೆಚ್ಚಿತು. ನಗರದಲ್ಲಿ ಜನ ಕೋಣೆಗಳೊಳಗೆ ಕುಳಿತಿದ್ದಾಗ ನಮಗೆ ಅಂಗಳವಿತ್ತು, ಗಾಳಿಯಿತ್ತು. ಬಂದವರಿಗೆಲ್ಲ "ನೋಡಿರಿ, ಎಂತಹ ದೂರದೃಷ್ಟಿ!" ಎಂದು ಹೇಳಿಕೊಂಡದ್ದೂ ಉಂಟು.

2022ರ ಒಂದು ಸಂಜೆ ನನ್ನ ಶ್ರೀಮತಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು. ಮೊಣಕಾಲು ನೋವೇ ಎಂದು ಕೇಳಿದೆ. ಅಲ್ಲವೆಂದಳು. ಬಹಳ ಹೊತ್ತಿನ ಮೇಲೆ ಅವಳಾಗಿಯೇ ಮಾತು ತೆಗೆದಳು: "ನೀವು ನಿಮ್ಮೂರಿಗಿ ಬಂದ್ರಿ. ನಾ ಎಲ್ಲಿಗಿ ಬಂದೆ ಹೇಳ್ರಿ? ತವರೂರು ಅಪ್ಪನ್ದು, ಕಮಲಾಪುರ ನಿಮ್ದು. ಕಲಬುರಗಿ ಓಣಿ ಒಂದೇ ನಾನಾಗಿ ಮಾಡ್ಕೊಂಡಿದ್ದು."

ನಾನು ಉತ್ತರಿಸಲಾರದೆ ಹೋದೆ. ಅವಳು ಹೇಳಿದ ಓಣಿಯನ್ನು ನಾನು ಇಪ್ಪತ್ತೆಂಟು ವರ್ಷ ಬೆಳಿಗ್ಗೆ ಸೈಕಲ್ಲಿನಲ್ಲಿ ದಾಟಿ ಹೋಗಿದ್ದೆ, ಸಂಜೆ ದಾಟಿ ಬಂದಿದ್ದೆ. ಅಲ್ಲಿ ಸೋಮವಾರ ಅವಳ ಜೊತೆ ಅಪ್ಪನ ಗುಡಿಗೆ ಹೋಗುವ ನಾಲ್ವರು ಗೆಳತಿಯರಿದ್ದರು. ಬೇಸಿಗೆಯಲ್ಲಿ ಒಂದೇ ಮಾಳಿಗೆಯ ಮೇಲೆ ಕೂಡಿ ಹಪ್ಪಳ ಸಂಡಿಗೆ ಹಾಕುತ್ತಿದ್ದರು. ಮಗಳ ಹೆರಿಗೆಯಾದಾಗ ನಾನು ಪರೀಕ್ಷಾ ಕೆಲಸದಲ್ಲಿ ಸಿಲುಕಿದ್ದೆ. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಅವಳೊಡನೆ ಕುಳಿತವರು ಅವರೇ. ನನ್ನ ಲೆಕ್ಕದಲ್ಲಿ ನೀರು, ಗಾಳಿ, ರೈಲು, ತಾಲ್ಲೂಕು ಕಚೇರಿ ಎಲ್ಲವೂ ಇದ್ದವು. ಇವರು ನಾಲ್ವರು ಇರಲಿಲ್ಲ. ತುಘಲಕನ ಪಾಠವನ್ನು ಮೂವತ್ತು ವರ್ಷ ನಗುನಗುತ್ತ ಮಾಡಿದವನು ಮನೆಯಲ್ಲಿ ಅದನ್ನೇ ಮಾಡಿದ್ದೆ. ಬರಬೇಕಾದವಳನ್ನು ಕೇಳಿರಲಿಲ್ಲ. ಹೊರಡುವ ಮೊದಲು ಅವಳೇಕೆ ಹೇಳಲಿಲ್ಲವೆಂದು ಮೊದಮೊದಲು ನನಗೆ ಕೋಪವೂ ಬಂದಿತ್ತು. ಕೇಳದವರಿಗೆ ಹೇಳುವುದು ಹೇಗೆಂದು ಆಮೇಲೆ ಹೊಳೆಯಿತು.

ಮರು ವರ್ಷ ಕಲಬುರಗಿಗೆ ಮರಳಿದೆವು. ಹಳೆಯ ಓಣಿಗೆ ಸಮೀಪವೇ ನೆಲಮಹಡಿಯ ಚಿಕ್ಕ ಮನೆ. ಕಮಲಾಪುರದ ಮನೆಯಲ್ಲಿ ಈಗ ತಮ್ಮನ ಮಗನ ಸಂಸಾರವಿದೆ. ಹೊಲವನ್ನೂ ಅವನೇ ನೋಡಿಕೊಳ್ಳುತ್ತಾನೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಬಾವಿಯ ಕಟ್ಟೆಯ ಮೇಲೆ ಕುಳಿತು, ಸಂಜೆಗೆ ಮರಳುತ್ತೇನೆ. ನನಗೆ ನಷ್ಟವಾಗಿಲ್ಲವೆಂದು ಹೇಳಿದರೆ ಸುಳ್ಳಾದೀತು. ಬೆಳಗಿನ ಜಾವ ಅಲ್ಲಿಯ ಗಾಳಿಯಲ್ಲಿ ಓದುತ್ತ ಕುಳಿತುಕೊಳ್ಳುವ ಸುಖ ಇಲ್ಲಿ ಇಲ್ಲ. ಇಲ್ಲಿ ಆಟೋಗಳ ಸದ್ದು, ನಲ್ಲಿಯ ನೀರಿಗೆ ಕಾಯುವುದು. ಆದರೆ ಸೋಮವಾರ ಸಂಜೆ ಅವಳು ಗುಡಿಯಿಂದ ಬಂದಾಗ ಮುಖ ನೋಡಿದರೆ ಲೆಕ್ಕ ಸರಿಹೋಗುತ್ತದೆ.

ಮೊದಲು ಹೇಳಿದ ವಿದ್ಯಾರ್ಥಿಗೆ ಉತ್ತರ ಬಾಕಿ ಇದೆ. ಮೊನ್ನೆ ಅವನಿಗೆ ಫೋನ್ ಮಾಡಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಪ್ಪ, ನೀನು ಆಸ್ಪತ್ರೆ ಹತ್ತಿರವಿರಲೆಂದು ಬಯಸುವುದು ತಪ್ಪಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿಯೇ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಆರಂಭವಾಗಿದೆ. ಆದುದರಿಂದ ಆಸ್ಪತ್ರೆಯೆಂದರೆ ಬೆಂಗಳೂರೇ ಆಗಬೇಕೆಂದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿ. ಮೂರನೆಯ ಮಹಡಿಯಲ್ಲಿ ನೀನು ಕೆಲಸಕ್ಕೆ ಹೋದ ಮೇಲೆ ಅವರು ಯಾರೊಡನೆ ಮಾತನಾಡುತ್ತಾರೆ, ಅಂಗಡಿಗೆ ಹೋದರೆ ಅವರ ಮಾತು ಅಲ್ಲಿಯವರಿಗೆ ತಿಳಿಯುತ್ತದೆಯೇ, ಒಬ್ಬರೇ ಹೋಗಿ ಬರಬಹುದಾದ ಒಂದು ಸ್ಥಳವಾದರೂ ಅಲ್ಲಿದೆಯೇ, ಇವನ್ನು ಮೊದಲು ನೋಡು. ಮನೆ ಮಾರುವ ಮಾತು ಈಗ ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲಿ ಇದ್ದು ನೋಡಲಿ. ಎಲ್ಲಕ್ಕಿಂತ ಮುಖ್ಯವಾಗಿ, "ಅಪ್ಪ ಒಲ್ಲೆ ಅಂತಾನ" ಎಂದು ನೀನು ಹೇಳಿದೆ. ಅವ್ವ ಏನೆನ್ನುತ್ತಾಳೆಂದು ಹೇಳಲೇ ಇಲ್ಲ. ಅಪ್ಪ ಹೊಲಕ್ಕೆ ಹೋಗಿರುವ ಹೊತ್ತು ನೋಡಿ ಅವಳನ್ನು ಬೇರೆಯಾಗಿ ಕೇಳು. ಅವಳ ಉತ್ತರ ಬೆಂಗಳೂರು ಆಗಬಹುದು, ಆಗದೆಯೂ ಇರಬಹುದು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿಲ್ರಿ ಸರ್" ಎಂದನು.

ನಿಮ್ಮಲ್ಲಿ ಅನೇಕರು ಈಗ ಇಂತಹ ನಿರ್ಧಾರದ ಹೊಸ್ತಿಲಲ್ಲಿ ಇದ್ದೀರಿ ಎಂದು ಬಲ್ಲೆ. ಕಲಬುರಗಿಗೆ ಬಂದಾಗ ಮನೆಗೆ ಬನ್ನಿರಿ. ಸೋಮವಾರ ಸಂಜೆ ಮಾತ್ರ ಬೇಡ. ಆ ಹೊತ್ತಿಗೆ ಚಹ ನಾನೇ ಮಾಡಬೇಕಾಗುತ್ತದೆ.